ಹಡಗು ಬರುವ ತನಕ

ಶಿಳ್ಳೆ ಹಾಕುವಾಗ ಅವರ ತುಟಿ ಹೆಚ್ಚು ಮುಂದೆ ಬರುತ್ತಿರಲಿಲ್ಲ. ಎಡಗೆನ್ನೆಯಲ್ಲಿ ಸಣ್ಣದೊಂದು ಗುಳಿ ಬೀಳುತ್ತಿತ್ತು, ಕತ್ತಿನ ನರ ಒಂದು ಬಿಗಿಯುತ್ತಿತ್ತು, ಕಣ್ಣು ಅರ್ಧ ಮುಚ್ಚುತ್ತಿತ್ತು. ದೂರದಿಂದ ನೋಡಿದವರಿಗೆ ಬಿಸಿ ಕಾಫಿಯನ್ನು ಊದಿ ಆರಿಸುತ್ತಿದ್ದಾರೆ ಅನ್ನಿಸಬೇಕು. ಆದರೆ ಆ ತುಟಿಗಳ ನಡುವಿನಿಂದ ಹೊರಡುತ್ತಿದ್ದದ್ದು ಪಿಟೀಲು. ಪಿಟೀಲಿನಂಥ ನಾದ ಎಂದು ಹೇಳಿದರೆ ಕಡಿಮೆಯಾದೀತು. ಕಮಾನು ತಂತಿಯ ಮೇಲೆ ತಿರುಗುವಾಗ ಬರುವ ಸಣ್ಣ ಉಸಿರು ಸಹ ಅದರಲ್ಲಿ ಕೇಳುತ್ತಿತ್ತು. ಬಿಳಿ ಕೂದಲನ್ನು ಬಿಗಿಯಾಗಿ ಗಂಟು ಹಾಕಿ, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ, ಎಪ್ಪತ್ತರ ಹತ್ತಿರದ ಒಬ್ಬ ಹೆಂಗಸಿನ ಬಾಯಿಯಿಂದ ಅದು ಬರುತ್ತದೆ ಎಂದು ನಂಬಲು ನನಗೆ ಕೆಲವು ದಿನಗಳೇ ಬೇಕಾದವು.

ನೆಲ್ಯಾಡಿಯಲ್ಲಿ ಎಲ್ಲರೂ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ನರ್ಸ್ ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಆ ಕರೆ ಅವರನ್ನು ಬಿಟ್ಟಿರಲಿಲ್ಲ. ಅವರ ಅಪ್ಪ ಅಮ್ಮ ಕೇರಳದಿಂದ ಬಂದು ಇಲ್ಲಿನ ಗುಡ್ಡದಲ್ಲಿ ರಬ್ಬರ್ ನೆಟ್ಟವರು. ಸಿಸ್ಟರ್ ಹುಟ್ಟಿದ್ದು, ಕನ್ನಡ ಶಾಲೆಗೆ ಹೋದದ್ದು ಇಲ್ಲಿಯೇ. ಮದುವೆಯಾಗಿರಲಿಲ್ಲ, ತಮ್ಮನ ಸಂಸಾರದ ಜೊತೆಗಿದ್ದರು. ನಮ್ಮ ಬಾಡಿಗೆ ಮನೆಯಿಂದ ನೋಡಿದರೆ ಅವರ ಹಿತ್ತಿಲಲ್ಲಿ ಒಣಗಲು ಹಾಕಿದ ರಬ್ಬರ್ ಶೀಟುಗಳು ಕಾಣುತ್ತಿದ್ದವು. ಹಾಗಿದ್ದೂ ನನಗೆ ಅವರು ದಾರಿಯಲ್ಲಿ ಸಿಕ್ಕಾಗ ನಗುವಷ್ಟೇ ಪರಿಚಯ. ನಾನು ಬೆಳಿಗ್ಗೆ ಬಸ್ಸು ಹಿಡಿದು ಪುತ್ತೂರಿಗೆ ಹೋಗಿ, ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ, ಸಂಜೆ ಬರುವವಳು.

ಒಂದು ಭಾನುವಾರ ಗುಂಡ್ಯದಿಂದ ವಾಪಸು ಬರುವಾಗ, ಹೆದ್ದಾರಿ ಅಗಲ ಮಾಡುವ ಕೆಲಸಕ್ಕೆಂದು ಸುರಿದಿದ್ದ ಜಲ್ಲಿಯ ಮೇಲೆ ನಮ್ಮ ಸ್ಕೂಟರ್ ಜಾರಿತು. ಓಡಿಸುತ್ತಿದ್ದ ನನ್ನ ಗಂಡನಿಗೆ ಮೊಣಕೈ ತರಚಿತು, ಅಷ್ಟೇ. ಹಿಂದೆ ಕೂತಿದ್ದ ನಾನು ಸೀದಾ ರಸ್ತೆಗೆ ಕೂತಂತೆ ಬಿದ್ದೆ. ಬೆನ್ನಿನ ಒಂದು ಮೂಳೆ ಜಜ್ಜಿ ಹೋಗಿತ್ತು. ಪುತ್ತೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಸೊಂಟದಿಂದ ಕೆಳಗೆ ಏನೂ ಅಲುಗುತ್ತಿರಲಿಲ್ಲ. ಡಾಕ್ಟರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. "ಶಕ್ತಿ ವಾಪಸು ಬರಬಹುದು, ಬಾರದೆಯೂ ಇರಬಹುದು. ಈಗ ಮಲಗಿರಬೇಕು. ಕಾಯಬೇಕು" ಎಂದರು.

ಮನೆಗೆ ತಂದು ಮುಂದಿನ ಕೋಣೆಯ ಮಂಚದಲ್ಲಿ ಮಲಗಿಸಿದರು. ನನ್ನ ಗಂಡನ ರಜೆ ಮುಗಿಯಿತು. ಹಗಲಿಗೆ ಯಾರನ್ನು ಕರೆಯುವುದು ಎಂದು ಅವರು ಫೋನಿನಲ್ಲಿ ಅವರಿವರನ್ನು ಕೇಳುತ್ತಿದ್ದಾಗಲೇ ಸಿಸ್ಟರ್ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು.

"ನೀವು ಕೆಲಸಕ್ಕೆ ಹೋಗಿ. ಟೀಚರನ್ನು ನಾನು ನೋಡ್ಕೊಳ್ತೇನೆ. ಮನೆಯಲ್ಲಿ ನನಗೆ ಎಂತ ಕೆಲಸ ಉಂಟು?"

ಅದು ನಾವು ಕೇಳಿಕೊಂಡದ್ದೂ ಅಲ್ಲ, ಒಪ್ಪಿಸಿದ್ದೂ ಅಲ್ಲ. ಮರುದಿನದಿಂದ ಅವರು ಬಂದರು. ಮೈ ಒರೆಸಿದರು, ಮಗ್ಗುಲು ತಿರುಗಿಸಿದರು, ಬೆನ್ನು ಹುಣ್ಣಾಗದ ಹಾಗೆ ಪೌಡರು ಹಾಕಿದರು. ಅವರ ಅಂಗೈ ಒರಟಾಗಿತ್ತು, ಆದರೆ ಯಾವಾಗಲೂ ಬೆಚ್ಚಗಿರುತ್ತಿತ್ತು. ಮುಟ್ಟುವ ಮೊದಲು ಎರಡೂ ಕೈಗಳನ್ನು ಒಂದಕ್ಕೊಂದು ಉಜ್ಜಿಕೊಳ್ಳುವುದು ಅವರ ಅಭ್ಯಾಸ. ನಾನು ಮಾತಾಡುತ್ತಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ. ಊಟ ಎರಡು ತುತ್ತಿಗೆ ಸಾಕಾಗುತ್ತಿತ್ತು. ಧೈರ್ಯ ಹೇಳಲು ಬಂದವರನ್ನೆಲ್ಲ ಸಿಸ್ಟರ್ ಬಾಗಿಲಿನಿಂದಲೇ, "ಟೀಚರ್ ಈಗಷ್ಟೇ ಮಲಗಿದ್ದು" ಎಂದು ಕಳಿಸುತ್ತಿದ್ದರು. ಅವರೂ ಧೈರ್ಯ ಹೇಳಲಿಲ್ಲ. ಅದಕ್ಕಾಗಿಯೇ ನನಗೆ ಅವರ ಮೇಲೆ ಮೊದಲು ಪ್ರೀತಿ ಹುಟ್ಟಿದ್ದಿರಬೇಕು.

ಕಾಲೇಜಿನಿಂದ ನನ್ನ ವಿದ್ಯಾರ್ಥಿನಿಯರು ಒಂದು ಮಧ್ಯಾಹ್ನ ನೋಡಲು ಬಂದಾಗ ಮಾತ್ರ ಸಿಸ್ಟರ್ ತಡೆಯಲಿಲ್ಲ. ಹೊಸ ತರಗತಿಯ ಮೊದಲ ದಿನ ನಾನು ಹುಡುಗರಿಗೆ ಒಂದು ಪ್ರಶ್ನೆ ಕೊಡುವುದುಂಟು. ನೀವು ಒಂದು ದ್ವೀಪದಲ್ಲಿ ಒಬ್ಬರೇ ಸಿಕ್ಕಿಬೀಳುತ್ತೀರಿ, ಯಾವ ಸಂಗೀತ, ಯಾವ ಪುಸ್ತಕ, ಮನಸ್ಸಿಗೆ ಹಾಯೆನಿಸುವ ಯಾವ ಒಂದು ವಸ್ತು ನಿಮ್ಮ ಜೊತೆಗಿರಬೇಕು? ನಾಚಿಕೆಯ ಮಕ್ಕಳೂ ಇದಕ್ಕೆ ಬಾಯಿಬಿಡುತ್ತಾರೆ. ಬಂದಿದ್ದ ಹುಡುಗಿಯರಲ್ಲಿ ಒಬ್ಬಳು ನನ್ನನ್ನು ನಗಿಸಲೆಂದು, "ಮೇಡಂ, ನೀವು ನಮ್ಮನ್ನೆಲ್ಲ ಕೇಳಿದ್ರಿ, ನಿಮ್ದು ಹೇಳಲೇ ಇಲ್ಲ. ಈಗ ಹೇಳಿ" ಎಂದಳು. ಏನೂ ಬೇಡ ಎಂಬುದು ನನ್ನ ಉತ್ತರವಾಗಿತ್ತು. ಅದನ್ನು ಆ ಮಗುವಿಗೆ ಹೇಳಲಾಗದೆ ಕಣ್ಣು ಮುಚ್ಚಿದೆ.

ಅವರು ಹೋದ ಮೇಲೆ ಸಿಸ್ಟರ್ ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡರು. "ದ್ವೀಪದ್ದು ಎಂತದೋ ಹೇಳ್ತಾ ಇದ್ದಳಲ್ಲ ಟೀಚರೇ, ಎಂತ ಅದು?"

ಚುಟುಕಾಗಿ ಹೇಳಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

"ನಾನು ಹೋಗಿದ್ದೇನೆ ಮಾರಾಯ್ರೆ. ಸಿಕ್ಕಿಬಿದ್ದದ್ದೂ ಉಂಟು."

ಎಷ್ಟೋ ದಿನಗಳ ಮೇಲೆ ನಾನಾಗಿಯೇ ಗೋಡೆಯಿಂದ ಈಚೆ ಮುಖ ತಿರುಗಿಸಿದ್ದು ಆಗ.

ನರ್ಸಿಂಗ್ ಮುಗಿಸಿದ ಹೊಸದರಲ್ಲಿ ಅವರಿಗೆ ಲಕ್ಷದ್ವೀಪದಲ್ಲಿ ಕೆಲಸ ಸಿಕ್ಕಿತ್ತು. ಕಳಿಸಿದ್ದು ಅಲ್ಲಿನ ತೀರಾ ಸಣ್ಣ ದ್ವೀಪಗಳಲ್ಲೊಂದಕ್ಕೆ. "ಈ ಬದಿಯಿಂದ ಕಲ್ಲು ಬಿಸಾಡಿದ್ರೆ ಆ ಬದಿಯ ಸಮುದ್ರಕ್ಕೆ ಬೀಳ್ತದೆ, ಅಷ್ಟೇ ಅಗಲ" ಎಂದರು. ಒಂದು ಸಣ್ಣ ಆಸ್ಪತ್ರೆ, ಒಬ್ಬರು ಡಾಕ್ಟರು, ಇವರು. ಮಳೆಗಾಲಕ್ಕೆ ಮುಂಚೆ ಡಾಕ್ಟರು ಊರಿಗೆ ಹೋದರು, ಮುಂದಿನ ಹಡಗಿಗೆ ಬರುತ್ತೇನೆಂದು. ಸಮುದ್ರ ಬೇಗ ಕೆಟ್ಟಿತು. ಮುಂದಿನ ಹಡಗು ಬರಲೇ ಇಲ್ಲ.

"ಹಾಗಾದರೆ ಸಂಗೀತ? ಪುಸ್ತಕ?" ಎಂದು ಕೇಳಿದೆ. ತರಗತಿಯ ಅಭ್ಯಾಸ.

ತಮ್ಮ ಕೊಡಿಸಿದ ಒಂದು ಟೇಪ್ ರೆಕಾರ್ಡರ್ ಅವರ ಹತ್ತಿರ ಇತ್ತು. ಕ್ಯಾಸೆಟ್ಟುಗಳ ಚೀಲವನ್ನು ಕೊಚ್ಚಿಯ ಲಾಡ್ಜಿನಲ್ಲೇ ಮರೆತಿದ್ದರು. ಯಂತ್ರದೊಳಗೆ ಉಳಿದಿದ್ದ ಒಂದೇ ಕ್ಯಾಸೆಟ್ಟು, ಪಿಟೀಲಿನದು. ಅದೂ ಅವರಿಗೆ ಇಷ್ಟವಾಗಿ ಕೊಂಡದ್ದಲ್ಲ, ಅಂಗಡಿಯವನು ಚಿಲ್ಲರೆಯ ಬದಲಿಗೆ ಕೊಟ್ಟದ್ದು. ಬಂದರಿನಲ್ಲಿ ಹಡಗು ಹತ್ತುವಾಗ ಹೊತ್ತು ಕಳೆಯಲು ಕೊಂಡ ಒಂದು ದಪ್ಪ ಮಲಯಾಳಂ ಕಾದಂಬರಿ. ಇನ್ನು ಹಾಯೆನಿಸುವ ವಸ್ತು ಎಂದರೆ, ಅಮ್ಮ ಉಪ್ಪಿನಲ್ಲಿ ಹಾಕಿ ಕಟ್ಟಿಕೊಟ್ಟ ಗಾಂಧಾರಿ ಮೆಣಸಿನ ಭರಣಿ. "ಅಲ್ಲಿ ಮೀನು, ತೆಂಗಿನಕಾಯಿ, ಅಕ್ಕಿ. ಬೇರೆ ಎಂತ ಇಲ್ಲ. ಗಂಜಿಗೆ ಒಂದು ಮೆಣಸು ಕಚ್ಚಿದ್ರೆ ಕಣ್ಣಲ್ಲಿ ನೀರು ಬರ್ತದಲ್ಲ, ಅದು ಖಾರಕ್ಕೋ ಊರಿನ ನೆನಪಿಗೋ ಯಾರಿಗೂ ಹೇಳ್ಬೇಕಂತ ಇಲ್ಲ."

ಟೇಪ್ ರೆಕಾರ್ಡರಿನ ಸೆಲ್ಲುಗಳು ಬೇಗ ಮುಗಿದವು. ಉಪ್ಪುಗಾಳಿಗೆ ಯಂತ್ರವೂ ಹಾಳಾಯಿತು. ಅಷ್ಟರಲ್ಲಿ ಕ್ಯಾಸೆಟ್ಟಿನ ಎರಡೂ ಬದಿ ಅವರ ತಲೆಯೊಳಗೆ ಸೇರಿಕೊಂಡಿತ್ತು. ಹಾಡಿಕೊಳ್ಳೋಣವೆಂದರೆ ಸ್ವರ ಗೊಗ್ಗರು. "ಇಗರ್ಜಿಯಲ್ಲಿ ನನ್ನನ್ನು ಹಾಡ್ಲಿಕ್ಕೆ ಸೇರಿಸ್ತಿರಲಿಲ್ಲ. ನನ್ನ ಸ್ವರ ಕೇಳಿದ್ರೆ ದನ ಹಗ್ಗ ಹರೀತದೆ." ಹಾಗಾಗಿ ಖಾಲಿ ಆಸ್ಪತ್ರೆಯ ಜಗಲಿಯಲ್ಲಿ ಕೂತು ಶಿಳ್ಳೆಯಲ್ಲಿ ಅಭ್ಯಾಸ ಮಾಡಿದರು.

ಇಷ್ಟು ಹೇಳಿ, ಮಂಚದ ಪಕ್ಕ ಕೂತಲ್ಲೇ ಅವರು ಶಿಳ್ಳೆ ಶುರು ಮಾಡಿದರು. ನಾನು ಉಸಿರು ಹಿಡಿದು ಕೇಳಿದೆ. ರಾಗ ನಿಧಾನಕ್ಕೆ ಮೇಲೇರಿ, ಮೇಲಿನ ಒಂದು ಸ್ವರದಲ್ಲಿ ನಿಂತು, ಅಲ್ಲಿಂದ ಇಳಿಯುವಾಗ ಇದ್ದಕ್ಕಿದ್ದಂತೆ ಅಪಸ್ವರವಾಗಿ ಜಗ್ಗಿ, ಮತ್ತೆ ನೇರವಾಯಿತು. ನಾನು ಹುಬ್ಬು ಗಂಟಿಕ್ಕಿದ್ದನ್ನು ಅವರು ನೋಡಿದರು.

"ಅಲ್ಲಿ ರೀಲು ಎಳೀತಿತ್ತು. ನಾನು ಕಲ್ತದ್ದು ಹಾಗೆಯೇ. ಅದನ್ನು ಬಿಟ್ರೆ ನನಗೆ ಮುಂದಿನದ್ದು ಬರುದಿಲ್ಲ."

ಆ ದಿನ ನಾನು ಒಂದು ತಟ್ಟೆ ಗಂಜಿ ಪೂರ್ತಿ ಕುಡಿದೆನೆಂದು ಸಂಜೆ ಬಂದ ನನ್ನ ಗಂಡ ಪಾತ್ರೆ ನೋಡಿ ತಿಳಿದುಕೊಂಡರು.

ಮರುದಿನ ಸಿಸ್ಟರ್ ಒಬ್ಬ ಹೆಂಗಸಿನ ವಿಷಯ ತೆಗೆದರು. ದ್ವೀಪದಲ್ಲಿ ಮೀನುಗಾರನೊಬ್ಬನ ಹೆಂಡತಿ, ಇಪ್ಪತ್ತೂ ದಾಟದವಳು, ಚೊಚ್ಚಲ ಬಸುರಿ. ಗಂಡ ದೂರದ ದ್ವೀಪಕ್ಕೆ ಕೆಲಸಕ್ಕೆ ಹೋದವನು ಅಲ್ಲೇ ಸಿಕ್ಕಿಕೊಂಡಿದ್ದ. ಅವಳಿಗೆ ನೋವಿಲ್ಲದೆ ರಕ್ತ ಹೋಗತೊಡಗಿತು. ಸಿಸ್ಟರಿಗೆ ಗೊತ್ತಾಯಿತು, ಮಾಸು ಕೆಳಗೆ ಇಳಿದು ಮಗು ಬರುವ ದಾರಿಗೇ ಅಡ್ಡ ಕೂತಿದೆ. ಹೆರಿಗೆ ನೋವು ಬಂದರೆ ತಾಯಿಯೂ ಇಲ್ಲ, ಮಗುವೂ ಇಲ್ಲ. ಆಪರೇಷನ್ನೇ ಆಗಬೇಕು, ಅದಕ್ಕೆ ಹಡಗು ಬರಬೇಕು. ವಯರ್‌ಲೆಸ್ಸಿನಲ್ಲಿ ಕೇಳಿದರೆ ಸಮುದ್ರ ತಗ್ಗಿದ ಮೇಲೆ ನೋಡುವ ಎಂಬ ಉತ್ತರ. ಅಲ್ಲಿಯ ತನಕ ಅವಳು ಅಲುಗದೆ ಮಲಗಿರಬೇಕು.

"ಮಲಗ್ತಾಳಾ ಅವಳು? ನಾನು ಈಚೆ ಬಂದ ಕೂಡಲೇ ಎದ್ದು ನೀರಿಗೆ ಹೋಗುದು, ಅತ್ತೆಗೆ ಮೀನು ಕೊಯ್ದು ಕೊಡುದು. ಪುನಃ ರಕ್ತ. ಬೈದೆ, ಹೆದರಿಸಿದೆ. ಹೆದರಿದವರು ಮಲಗುದಿಲ್ಲ ಟೀಚರೇ, ಇನ್ನೂ ಎದ್ದು ಓಡಾಡ್ತಾರೆ. ಕಡೆಗೆ ಈ ಕಾದಂಬರಿ ತಕ್ಕೊಂಡು ಹೋಗಿ ಅವಳ ಪಕ್ಕ ಕೂತೆ."

ಕಾದಂಬರಿಯಲ್ಲಿ ದೋಣಿಯವನೊಬ್ಬನ ಮಗಳು ಕಾಣೆಯಾದ ಅಪ್ಪನನ್ನು ಹುಡುಕಿಕೊಂಡು ಊರೂರು ಅಲೆಯುತ್ತಾಳೆ. ಸಿಸ್ಟರ್ ದಿನವೂ ಸ್ವಲ್ಪ ಓದುತ್ತಿದ್ದರು, ಹುಡುಗಿ ಯಾವುದಾದರೂ ಕಷ್ಟಕ್ಕೆ ಸಿಕ್ಕಿದಲ್ಲಿಗೆ ಪುಸ್ತಕ ಮುಚ್ಚುತ್ತಿದ್ದರು. ಮಲಗದಿದ್ದರೆ ಮರುದಿನ ಓದುವುದಿಲ್ಲ ಎಂದು ಕರಾರು. ಬಸುರಿ ಮಲಗಿದಳು. ಅವಳ ಅತ್ತೆ ಬಾಗಿಲ ಬಳಿ ಬಂದು ಕೂತಳು. ನೆರೆಯ ಹೆಂಗಸರು ಬಲೆ ಹೆಣೆಯುತ್ತ ಕೂತರು. ಅವಳ ಪಾಲಿನ ನೀರನ್ನು ಅವರೇ ಹೊತ್ತು ತಂದರು, ಕಥೆ ನಿಲ್ಲಬಾರದೆಂದು.

"ಪುಸ್ತಕ ಮುಗೀತು. ಹಡಗು ಬರ್ಲಿಲ್ಲ."

"ಆಮೇಲೆ?"

"ನಾಳೆ ಹೇಳ್ತೇನೆ. ಈಗ ಮಗ್ಗುಲು ತಿರುಗಿ."

ಅವಳಿಗೆ ಮಾಡಿದ್ದನ್ನೇ ನನಗೂ ಮಾಡುತ್ತಿದ್ದಾರೆ ಎಂದು ನನಗೆ ಆಗಲೇ ತಿಳಿಯಿತು. ತಿಳಿದರೂ ನಾಳೆಗಾಗಿ ಕಾದೆ. ಬಿದ್ದಂದಿನಿಂದ ನನಗೆ ನಾಳೆ ಎಂಬುದು ಬೇಕೆನಿಸಿದ್ದು ಅದೇ ಮೊದಲು.

ಮರುದಿನ ಅವರು ಇನ್ನೊಂದು ಕರಾರು ಹಾಕಿದರು. ಕಥೆ ಕೇಳುವಷ್ಟು ಹೊತ್ತೂ ನಾನು ಕಾಲಿನ ಹೆಬ್ಬೆರಳು ಅಲುಗಿಸಲು ನೋಡುತ್ತಿರಬೇಕು. "ಅಲುಗದಿದ್ರೆ ಬೇಡ. ಮನಸ್ಸಲ್ಲಿ ಅಲುಗಿಸಿ. ನೀವು ನಿಲ್ಲಿಸಿದ್ರೆ ನಾನೂ ನಿಲ್ಲಿಸುದೇ."

ಪುಸ್ತಕ ಮುಗಿದ ಮೇಲೆ ಸಿಸ್ಟರ್ ಕೊನೆಯ ಹಾಳೆ ಮಗುಚಿ, ಮೊದಲ ಪುಟವನ್ನೇ ಮತ್ತೆ ತೆರೆದು, ಅದರ ಮೇಲೆ ಕಣ್ಣಿಟ್ಟು, ಇಲ್ಲದ ಕಥೆಯನ್ನು ಓದತೊಡಗಿದ್ದರು. ಕಥೆ ಕಟ್ಟಿ ಅಭ್ಯಾಸವಿಲ್ಲದ ಅವರಿಗೆ ಗೊತ್ತಿದ್ದ ಊರು ಒಂದೇ. ಹಾಗಾಗಿ ದೋಣಿಯವನ ಮಗಳು ಅಪ್ಪನನ್ನು ಹುಡುಕುತ್ತ ನೆಲ್ಯಾಡಿಗೆ ಬಂದಳು. ಶಿರಾಡಿ ಘಾಟಿಯಲ್ಲಿ ಆನೆ ನೋಡಿದಳು. ಹೊಳೆ ದಾಟಿದಳು. ಅಲ್ಲಿ ಬಸುರಿ ತಡೆದು ಕೇಳಿದಳಂತೆ, ಹೊಳೆ ಅಂದರೆ ಏನು? ಅವಳು ಹುಟ್ಟಿದಂದಿನಿಂದ ಆ ದ್ವೀಪ ಬಿಟ್ಟು ಹೊರಗೆ ಹೋದವಳಲ್ಲ. ಬೆಟ್ಟ ನೋಡಿರಲಿಲ್ಲ, ಹೊಳೆ ನೋಡಿರಲಿಲ್ಲ.

"ನಾನು ಹೇಳಿದೆ, ಸಿಹಿನೀರು ಉದ್ದಕ್ಕೆ ಹರೀತಾ ಹೋಗುದು. ಅವಳು ಕೇಳ್ತಾಳೆ, 'ಹೋಗ್ತದಾ? ಮತ್ತೆ ವಾಪಸು ಯಾವಾಗ ಬರ್ತದೆ?' ಬರುದಿಲ್ಲ ಅಂದೆ. 'ಅಷ್ಟು ಒಳ್ಳೆ ನೀರು ಸುಮ್ಮನೆ ಹೋಗ್ಲಿಕ್ಕೆ ಬಿಡ್ತಾರಾ ನಿಮ್ಮೂರಿನವರು? ಯಾರೂ ತಡೆಯುದಿಲ್ವಾ?' ಅಂತ ಅವಳಿಗೆ ಸಿಟ್ಟೇ ಬಂತು."

ನಾನು ಜೋರಾಗಿ ನಕ್ಕೆ. ಹೊಟ್ಟೆ ಕುಲುಕುವಷ್ಟು ನಕ್ಕೆ. ಸಿಸ್ಟರ್ ಕಥೆ ಮುಂದುವರಿಸಿದರು, ಮುಗಿಸಿದರು, ಎದ್ದು ನನ್ನ ಹೊದಿಕೆ ಸರಿಮಾಡಿದರು. ಆಮೇಲೆ ಬಹಳ ಸಾಧಾರಣ ಸ್ವರದಲ್ಲಿ ಹೇಳಿದರು: "ನೀವು ನಗುವಾಗ ಬಲಗಾಲಿನ ಹೆಬ್ಬೆರಳು ಅಲುಗಿತು. ನೀವು ನೋಡ್ಲಿಲ್ಲ, ನಾನು ನೋಡಿದೆ. ನಡುವಲ್ಲಿ ಹೇಳ್ಲಿಕ್ಕೆ ಮನಸ್ಸಾಗ್ಲಿಲ್ಲ."

ನಾನು ಅತ್ತೆ. ಅವರು ಅಳಲು ಬಿಟ್ಟು, ಅಡುಗೆಮನೆಗೆ ಹೋಗಿ ಇಬ್ಬರಿಗೂ ಕಾಫಿ ಮಾಡಿ ತಂದರು.

ಮುಂದಿನ ದಿನಗಳಲ್ಲಿ ದೋಣಿಯವನ ಮಗಳು ಗುಡ್ಡದ ಮೇಲಿನ ಒಂದು ಮನೆಯಲ್ಲಿ ಕೆಲಸಕ್ಕೆ ನಿಂತಳು. ಆ ಮನೆಯಲ್ಲಿ ಒಬ್ಬ ಹೆಂಗಸು ಬೆಳಿಗ್ಗೆ ರಬ್ಬರ್ ಹಾಲು ತೆಗೆಯುತ್ತಿದ್ದಳು, ಮಧ್ಯಾಹ್ನ ಮರಗೆಣಸು ಬೇಯಿಸುತ್ತಿದ್ದಳು, ಹುಡುಗಿಯ ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಮಾತುಮಾತಿಗೆ ಬೈಯುತ್ತಿದ್ದಳು. ದ್ವೀಪದ ಹೆಂಗಸರಿಗೆಲ್ಲ ಅವಳ ಮೇಲೆ ಜೀವ. ಅವಳ ಬೈಗಳನ್ನು ಅವರು ತಮ್ಮ ಮಕ್ಕಳ ಮೇಲೆ ಬಳಸತೊಡಗಿದ್ದರಂತೆ. ಯಾರೆಂದು ನಾನು ಕೇಳಬೇಕಾಗಲಿಲ್ಲ. ಅದು ಸಿಸ್ಟರರ ಅಮ್ಮ.

"ಅವಳಿಗೆ ಗೊತ್ತಾಗಲಿಲ್ವಾ, ನೀವು ಓದುತ್ತಾ ಇಲ್ಲ ಅಂತ?"

"ಗೊತ್ತಾಗದೆ? ಒಂದು ದಿನ ಹೇಳಿದಳು, 'ಸಿಸ್ಟರ್, ನಿಮ್ಮ ಕಣ್ಣು ಪುಸ್ತಕದಲ್ಲಿ ಇಲ್ಲ. ಆದ್ರೂ ಓದಿ' ಅಂತ."

ಹಡಗು ಕಂಡದ್ದು ಒಂದು ಬೆಳಿಗ್ಗೆ. ಸಮುದ್ರ ಪೂರ್ತಿ ತಗ್ಗಿರಲಿಲ್ಲ, ಹಡಗು ದೂರದಲ್ಲೇ ನಿಂತಿತು. ಬಾಗಿಲೊಂದನ್ನು ಕಿತ್ತು, ಅದರ ಮೇಲೆ ಹಾಸಿಗೆ ಹಾಕಿ, ಅವಳನ್ನು ಮಲಗಿಸಿ, ಊರಿನ ಹೆಂಗಸರು ಗಂಡಸರು ಎದೆಮಟ್ಟ ನೀರಿನಲ್ಲಿ ಹೊತ್ತು ದೋಣಿಗೆ ಸೇರಿಸಿದರು. ಪ್ರತಿ ಅಲೆಗೂ ದೋಣಿ ಎದ್ದು ಬೀಳುತ್ತಿತ್ತು. ಅವಳು ಸಿಸ್ಟರರ ಕೈ ಹಿಡಿದುಕೊಂಡು, "ಓದಬೇಡಿ, ಶಿಳ್ಳೆ ಹಾಕಿ" ಎಂದಳು. ಬಾಯೊಳಗೆ ಉಪ್ಪುನೀರು ತುಂಬುತ್ತಿದ್ದರೂ ಸಿಸ್ಟರ್ ಹಡಗು ಮುಟ್ಟುವ ತನಕ ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ನುಡಿಸಿದರು. ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಹೆಣ್ಣು ಮಗು. ಇಬ್ಬರೂ ಉಳಿದರು.

ನಾನು ಹಗುರಾಗಿ ಉಸಿರು ಬಿಟ್ಟೆ. ಸಿಸ್ಟರ್ ಸ್ಟೂಲಿನಿಂದ ಎದ್ದು ಕಿಟಕಿಯ ಬಳಿ ಹೋಗಿ ನಿಂತು ಹೇಳಿದರು:

"ಅದೇ ಹಡಗಿನಲ್ಲಿ ನನಗೆ ಸುದ್ದಿ ಬಂದದ್ದು. ಒಬ್ಬಳೇ ಇದ್ದೇನೆ ಅಂತ ಮನೆಯವರು ವಯರ್‌ಲೆಸ್ಸಿನಲ್ಲಿ ತಿಳಿಸಿರ್ಲಿಲ್ಲ. ನಮ್ಮಮ್ಮ ಮಳೆಗಾಲ ಶುರುವಿಗೇ ಹೋಗಿದ್ರು. ಮಣ್ಣು ಕೂಡ ಆಗಿತ್ತು. ನಾನು ಅಲ್ಲಿ ದಿನಾ ಅವರ ಕೈಯಲ್ಲಿ ಮರಗೆಣಸು ಬೇಯಿಸ್ತಾ ಇದ್ದೆ."

ಕಿಟಕಿಯಾಚೆ ನೋಡುತ್ತಲೇ ಅವರು ಮುಂದುವರಿಸಿದರು.

"ಭರಣಿಯಲ್ಲಿ ಒಂದು ಮೆಣಸು ಉಳಿದಿತ್ತು. ತಿನ್ಲಿಕ್ಕೆ ಆಗ್ಲಿಲ್ಲ. ವಾಪಸು ದ್ವೀಪಕ್ಕೆ ಹೋದ ಮೇಲೆ ಬೀಜ ಬಿಡಿಸಿ ಆಸ್ಪತ್ರೆ ಹಿಂದೆ ಹಾಕಿದೆ. ದಿನಾ ನೀರು ಹಾಕಿದೆ. ಹುಟ್ಲಿಲ್ಲ." ಅವರೇ ನಕ್ಕರು. "ಉಪ್ಪಲ್ಲಿ ಹಾಕಿದ ಮೆಣಸು ಹುಟ್ತದಾ ಟೀಚರೇ? ನರ್ಸಿಗೆ ಅಷ್ಟೂ ಬುದ್ಧಿ ಇಲ್ಲ."

ಅವರು ವಾಪಸು ಹೋಗಿದ್ದರು ಎಂಬುದು ನನ್ನ ಮನಸ್ಸಿಗೆ ಇಳಿಯಲು ಒಂದು ಗಳಿಗೆ ಬೇಕಾಯಿತು. ಅಮ್ಮನ ಸಮಾಧಿ ನೋಡಿ, ಮತ್ತೆ ಅದೇ ಹಡಗು ಹತ್ತಿ, ಅದೇ ದ್ವೀಪಕ್ಕೆ. ಬೇರೆ ಕಡೆ ಕೇಳಿಕೊಳ್ಳಬಹುದಿತ್ತಲ್ಲ ಎಂದೆ. "ಕೇಳ್ಬಹುದಿತ್ತು. ಅಲ್ಲಿ ಬೇರೆ ಯಾರಿದ್ರು?" ಎಂದಷ್ಟೇ ಹೇಳಿ, ನನ್ನ ಕಾಲಿನ ಬುಡಕ್ಕೆ ಬಂದು ಕೂತು, ಪಾದವನ್ನು ಕೈಯಲ್ಲಿ ಹಿಡಿದುಕೊಂಡರು. "ಈಗ ನನ್ನ ಅಂಗೈಯನ್ನು ದೂಡಿ. ದೂಡಿ ಮಾರಾಯ್ರೆ, ನನಗೆ ಏನೂ ನೋವಾಗುದಿಲ್ಲ."

ತಿಂಗಳುಗಳು ಹಿಡಿದವು. ಮೊದಲು ಕೂತೆ, ಆಮೇಲೆ ವಾಕರ್ ಹಿಡಿದು ನಿಂತೆ, ಆಮೇಲೆ ಅವರ ಭುಜ ಹಿಡಿದು ಬಾಗಿಲ ತನಕ ನಡೆದೆ. ಪುತ್ತೂರಿನ ಡಾಕ್ಟರು ನನ್ನನ್ನು ನಡೆಸಿ ನೋಡಿ, ಯಾವ ಫಿಸಿಯೋಥೆರಪಿಯವರು ಬರುತ್ತಿದ್ದರು ಎಂದು ಕೇಳಿದರು. ಜೊತೆಗೆ ಬಂದಿದ್ದ ಸಿಸ್ಟರ್ ಆಗ ಹೊರಗೆ ಕ್ಯಾಂಟೀನಿನಲ್ಲಿ ಗೋಳಿಬಜೆ ಬಿಸಿಯಿದೆಯೋ ಎಂದು ವಿಚಾರಿಸುತ್ತಿದ್ದರು.

ಕಾಲೇಜಿಗೆ ಮರಳಿದ ವರ್ಷ ನಾನು ಅವರನ್ನು ತರಗತಿಗೆ ಕರೆದುಕೊಂಡು ಹೋದೆ. ಬರುವುದಿಲ್ಲ ಎಂದು ಹಟ ಮಾಡಿದವರು, ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿದ ಮೇಲೆ ಖುಷಿಯಾದರು. ಅವರು ದ್ವೀಪದ ಕಥೆ ಹೇಳಿ ಮುಗಿಸಿದ ಮೇಲೆ ಮಕ್ಕಳು ಕೇಳಿದರು, "ಸಿಸ್ಟರ್, ಪುನಃ ದ್ವೀಪಕ್ಕೆ ಹೋಗುದಾದ್ರೆ ಎಂತ ತಕ್ಕೊಂಡು ಹೋಗ್ತೀರಿ?"

"ಸೆಲ್ಲು" ಎಂದರು ಸಿಸ್ಟರ್. ತರಗತಿ ಗೊಳ್ಳೆಂದಿತು. ನಗು ನಿಂತ ಮೇಲೆ ಅವರು ನಿಧಾನಕ್ಕೆ ಹೇಳಿದರು: "ಒಂದೇ ಹಾಡು ಇದ್ರೂ ಸಾಕು ಮಕ್ಕಳೇ, ಒಂದೇ ಪುಸ್ತಕ ಇದ್ರೂ ಸಾಕು. ಕೇಳ್ಲಿಕ್ಕೆ ಒಬ್ಬರು ಇರ್ಬೇಕು. ಆ ಹುಡುಗಿ ಇಲ್ಲದಿದ್ರೆ ಆ ಮಳೆಗಾಲದಲ್ಲಿ ನಾನು ಸಮುದ್ರಕ್ಕೆ ನಡೀತಿದ್ದೆ ಅಂತ ಕಾಣ್ತದೆ. ಅವಳನ್ನು ನಾನು ಮಲಗಿಸಿದ್ದು ಅಂತ ಟೀಚರ್ ಹೇಳ್ತಾರೆ. ನನ್ನನ್ನು ಅವಳು ಕೂರಿಸಿದ್ದು."

ಈ ಮಾತನ್ನು ನನಗೆ ಅವರು ಎಂದೂ ಹೇಳಿರಲಿಲ್ಲ. ಆಮೇಲೆ ಯಾರೂ ಕೇಳದೆಯೇ ಶಿಳ್ಳೆ ಹಾಕಿದರು. ಮುಂದಿನ ಪೀರಿಯಡ್ಡಿನ ಗಂಟೆ ಹೊಡೆಯಿತು, ಯಾರೂ ಏಳಲಿಲ್ಲ. ಪಕ್ಕದ ತರಗತಿಯ ಮಕ್ಕಳು ಕಾರಿಡಾರಿನಲ್ಲಿ ಬಂದು ನಿಂತರು. ರೀಲು ಎಳೆಯುವ ಜಾಗ ಬಂದಾಗಲೂ ಯಾರೂ ನಗಲಿಲ್ಲ.

ಹೋದ ವರ್ಷ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅವರು ಊಟ ಮಾಡಿ, ಕೈ ತೊಳೆದು, ಜಗಲಿಯ ಕುರ್ಚಿಯಲ್ಲಿ ಒರಗಿದವರು ಏಳಲಿಲ್ಲ. ಅವರ ತಮ್ಮನ ಹೆಂಡತಿ ಓಡಿ ಬಂದು ನನ್ನನ್ನು ಕರೆದಾಗ ಅವರ ಅಂಗೈ ಇನ್ನೂ ಬೆಚ್ಚಗಿತ್ತು.

ಇಗರ್ಜಿಯ ಹಿಂದಿನ ಸ್ಮಶಾನಕ್ಕೆ ಏರುದಾರಿ. ನನ್ನ ಗಂಡ ಕೈ ಕೊಡಲು ಬಂದರು, ಬೇಡವೆಂದೆ. ಕಡಬದಿಂದ, ಸುಳ್ಯದಿಂದ, ಉಪ್ಪಿನಂಗಡಿಯಿಂದ ಜನ ಬಂದಿದ್ದರು. ನನಗೆ ಅವರಲ್ಲಿ ಹೆಚ್ಚಿನವರ ಪರಿಚಯವಿಲ್ಲ. ಟೋಪಿ ಹಾಕಿದ ಬ್ಯಾರಿ ಹಿರಿಯರೊಬ್ಬರು ನನ್ನ ಪಕ್ಕ ನಡೆಯುತ್ತಿದ್ದರು. "ಹಾಸಿಗೆ ಹಿಡಿದಿದ್ದ ನಮ್ಮ ಉಮ್ಮನ ಹತ್ತಿರ ಎರಡು ವರ್ಷ ಕೂತಿದ್ರು ಇವರು" ಎಂದರು, ನಾನು ಕೇಳದೆಯೇ. "ನೀವು?" ಎಂದರು.

"ನಾನು ಅವರ ಪಕ್ಕದ ಮನೆಯವಳು" ಎಂದೆ. ಬೇರೇನಾದರೂ ಹೇಳಲು ಹೊರಟಿದ್ದರೆ ಅಲ್ಲೇ ನಿಂತುಬಿಡುತ್ತಿದ್ದೆ.

ಪಾದ್ರಿಗಳ ಪ್ರಾರ್ಥನೆ ಮುಗಿದು ಪೆಟ್ಟಿಗೆ ಇಳಿಸಿದ ಮೇಲೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕತೊಡಗಿದರು. ನನ್ನ ಬೆನ್ನಿನಲ್ಲಿ ಈಗಲೂ ಲೋಹದ ಸರಳುಗಳಿವೆ. ನೆಲಕ್ಕೆ ಬಿದ್ದದ್ದನ್ನು ಹೆಕ್ಕಲು ನಾನು ಯಾರನ್ನಾದರೂ ಕರೆಯುತ್ತೇನೆ. ಸಿಸ್ಟರರ ತಮ್ಮನ ಮಗಳು ಅದನ್ನು ತಿಳಿದೇ ಬೊಗಸೆಯಲ್ಲಿ ಮಣ್ಣು ತಂದು ನನ್ನ ಮುಂದೆ ಹಿಡಿದಳು. ಅವಳಿಗೆ ಕೈಸನ್ನೆ ಮಾಡಿ ನಿಲ್ಲಿಸಿದೆ. ಮೊಣಕಾಲು ಮಡಚಿ, ಉಸಿರು ಬಿಟ್ಟು, ಅವರು ಕಲಿಸಿದ ಹಾಗೆ ನಿಧಾನವಾಗಿ, ನಾನೇ ಬಗ್ಗಿ ನೆಲ ಮುಟ್ಟಿದೆ.